ನಿಮ್ಮ ಮನವಿಯಲ್ಲಿ ನಮಗೊಂದು ಪ್ಯಾರಾ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ರಬ್ಬರ್ ಮತ್ತು ಅಡಿಕೆ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬೆಳೆಗಾರ ಬಂಧುಗಳೇ,

ಕಳೆದ ತಿಂಗಳು ನಿಮ್ಮ ಸಭೆಗೆ ನಾನೂ ಬಂದಿದ್ದೆ. ಬಾಗಿಲ ಪಕ್ಕ, ಕೊನೆಯ ಸಾಲಿನಲ್ಲಿ ಕೂತಿದ್ದೆ. ನನಗೆ ತೋಟವಿಲ್ಲ. ನಾನು ಕೆಲಸಕ್ಕೆ ಹೋಗುತ್ತಿದ್ದ ಮನೆಯ ಅಕ್ಕ “ರಬ್ಬರಿನ ವಿಷಯ ಅಲ್ವಾ, ನೀವೂ ಬನ್ನಿ” ಎಂದು ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಭಾಷಣ ಮಾಡಿದವರೊಬ್ಬರು, ಹೊರಗಿನಿಂದ ಬಂದದ್ದೇ ನಮ್ಮನ್ನು ಮುಳುಗಿಸಿದ್ದು ಎಂದರು. ಬರ್ಮಾದ ಅಡಿಕೆ, ವಿಯೆಟ್ನಾಮಿನ ಕಾಳುಮೆಣಸು, ಥಾಯ್ಲೆಂಡಿನ ರಬ್ಬರ್ ಎಂದು ಬೆರಳು ಮಡಚಿ ಎಣಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಸರ್ಕಾರಕ್ಕೆ ಕೊಡುವ ಮನವಿ ಪತ್ರ ಸಹಿಗೆಂದು ಸಾಲಿನಿಂದ ಸಾಲಿಗೆ ಬಂತು. ನನ್ನ ಕೈಗೆ ಬರುವಷ್ಟರಲ್ಲಿ ಚಾ ಕೊಡಲು ಶುರುವಾಗಿ ಅರ್ಧ ಜನ ಎದ್ದಿದ್ದರು. ಹಾಗಾಗಿ ನಿಧಾನಕ್ಕೆ ಓದಲು ಆಯಿತು. ಎರಡೂವರೆ ಪುಟ. ಆಮದು ಸುಂಕ, ಬೆಂಬಲ ಬೆಲೆ, ಹಳದಿ ಎಲೆ ರೋಗಕ್ಕೆ ಪರಿಹಾರ, ಎಲೆಚುಕ್ಕಿಗೆ ಔಷಧಿ, ಕಾಡಾನೆ ಹಾವಳಿ. ಟ್ಯಾಪರ್ ಎಂಬ ಪದ ಒಂದೇ ಕಡೆ ಇತ್ತು: “ಟ್ಯಾಪರ್‌ಗಳ ಅಭಾವದಿಂದಾಗಿ ಬೆಳೆಗಾರರು ತೊಂದರೆಗೆ ಒಳಗಾಗಿರುತ್ತಾರೆ.” ನಲವತ್ತು ವರ್ಷ ಈ ಗುಡ್ಡೆಗಳಲ್ಲಿ ಟ್ಯಾಪಿಂಗ್ ಮಾಡಿದವಳು ನಾನು. ಆ ಎರಡೂವರೆ ಪುಟದಲ್ಲಿ ನಾನು, ನನ್ನ ಅಪ್ಪ ಅಮ್ಮ, ನನ್ನ ಅಣ್ಣ ಎಲ್ಲರೂ ಸೇರಿ ಒಂದು ಅಭಾವ. ಸಹಿ ಹಾಕಿದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ.

ಹೊರಗಿನಿಂದ ಬಂದವರಲ್ಲಿ ನಾವೂ ಒಬ್ಬರು. ಈ ಊರಲ್ಲಿ ನಮ್ಮನ್ನು ಈಗಲೂ ‘ಸಿಲೋನ್‌ನವರು’ ಎನ್ನುತ್ತಾರೆ. ಸಿಲೋನ್ ಅಂದರೆ ಈಗಿನ ಶ್ರೀಲಂಕಾ. ಆ ಹೆಸರಿನಲ್ಲಿ ಬೈಗುಳ ಇಲ್ಲವೆಂದು ಗೊತ್ತು. ಆದರೆ ನಿಮ್ಮ ಮಕ್ಕಳಲ್ಲಿ ಹಲವರು ನಮ್ಮನ್ನು ಯುದ್ಧದಿಂದ ತಪ್ಪಿಸಿಕೊಂಡು ದೋಣಿಯಲ್ಲಿ ಬಂದ ನಿರಾಶ್ರಿತರೆಂದು ತಿಳಿದಿದ್ದಾರೆ. ಹಾಗಲ್ಲ. ಎರಡು ಸರ್ಕಾರಗಳು ಕೂತು ಲೆಕ್ಕ ಹಾಕಿ, ಹಡಗಿನಲ್ಲಿ ಕಳಿಸಿ, ಹಡಗಿನಿಂದ ಇಳಿಸಿಕೊಂಡ ಭಾರತದ ಪೌರರು ನಾವು.

1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಸಿಲೋನಿನ ಚಹಾ, ರಬ್ಬರ್ ತೋಟಗಳಲ್ಲಿದ್ದ ಭಾರತ ಮೂಲದ ತಮಿಳರು 9,75,000 ಜನ ಎಂದು ಲೆಕ್ಕ. ಅದರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ ನೋಡೋಣ ಎಂದರು. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅದನ್ನೂ ಅರ್ಧರ್ಧ ಹಂಚಿಕೊಂಡರು. ನಾನು ಹುಟ್ಟಿದ್ದು ಅದೇ 1964ರಲ್ಲಿ, ಹಟ್ಟನ್ ಹತ್ತಿರದ ಒಂದು ಚಹಾ ತೋಟದಲ್ಲಿ. ಒಪ್ಪಂದಕ್ಕೂ ನನಗೂ ಒಂದೇ ವಯಸ್ಸು. ಅಡಿಕೆ ರಾಶಿಯನ್ನಾದರೂ ಪಾಲು ಮಾಡುವ ಮೊದಲು ಕೈಯಲ್ಲಿ ಹಿಡಿದು ನೋಡುತ್ತಾರೆ. ನಮ್ಮನ್ನು ಯಾರೂ ಕೇಳಲಿಲ್ಲ.

ನಾವು ಇದ್ದ ಮನೆಗೆ ಲಯ ಎನ್ನುತ್ತಿದ್ದರು. ಉದ್ದಕ್ಕೆ ಒಂದೇ ತಗಡಿನ ಮಾಡು, ಅದರ ಅಡಿಯಲ್ಲಿ ಸಾಲಾಗಿ ಹತ್ತಡಿ ಹನ್ನೆರಡಡಿಯ ಕೋಣೆಗಳು, ಒಂದು ಕೋಣೆಗೆ ಒಂದು ಸಂಸಾರ. ಇಲ್ಲಿಗೆ ಬಂದು ಶಾಲೆಯಲ್ಲಿ ಕನ್ನಡ ಕಲಿಯುವಾಗ ಕುದುರೆ ಕಟ್ಟುವ ಜಾಗಕ್ಕೆ ಲಾಯ ಎನ್ನುತ್ತಾರೆಂದು ಮೇಷ್ಟ್ರು ಹೇಳಿಕೊಟ್ಟರು. ಸಂಜೆ ಅಮ್ಮನಿಗೆ ಅದನ್ನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಕುದುರೆಗೆ ದೊರೆ ದಿನಾ ಹುರುಳಿ ಹಾಕಿಸ್ತಿದ್ದ” ಎಂದರು.

ನಮ್ಮ ಮುತ್ತಜ್ಜ ತಿರುಚ್ಚಿ ಕಡೆಯಿಂದ ಕಂಗಾಣಿಯ ಹಿಂದೆ ನಡೆದು ಹೋದವರು. ಕಂಗಾಣಿ ಅಂದರೆ ಆಳು ಸೇರಿಸಿ ತರುವವ. ದಾರಿಖರ್ಚನ್ನು ಸಾಲವಾಗಿ ಬರೆಯುತ್ತಿದ್ದ, ಸಾಲ ತೀರುವವರೆಗೆ ಬೇರೆ ತೋಟಕ್ಕೆ ಹೋಗುವ ಹಾಗಿರಲಿಲ್ಲ. ಸಿಲೋನಿನಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಕ್ರಮೇಣ ಕಾಫಿ ಹೋಯಿತು, ಆ ಜಾಗಕ್ಕೆ ಚಹಾ ಬಂತು. ರಬ್ಬರ್ ಗಿಡವಂತೂ ನಮಗಿಂತ ದೂರದಿಂದ ಬಂದದ್ದು. 1876ರಲ್ಲಿ ಹೆನ್ರಿ ವಿಕ್ಯಾಮ್ ಎಂಬವ ಬ್ರೆಜಿಲಿನಿಂದ ಬೀಜ ಲಂಡನ್ನಿಗೆ ಸಾಗಿಸಿದ, ಅಲ್ಲಿಯ ಕ್ಯೂ ತೋಟದಲ್ಲಿ ಮೊಳೆತ ಸಸಿಗಳನ್ನು ಅದೇ ವರ್ಷ ಸಿಲೋನಿಗೆ ಕಳಿಸಿದರು. ನಿಮ್ಮ ಗುಡ್ಡೆಯಲ್ಲಿ ಈಗ ಸಾಲಾಗಿ ನಿಂತಿರುವ ಮರದ ಹಿಂದೆ ಇಷ್ಟು ಪ್ರಯಾಣ ಉಂಟು.

ಹೊರಗಿನವರು ಕೈಯಾಡಿಸುವುದೆಂದರೇನು ಎಂದು ನನ್ನ ಅಪ್ಪನಿಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ. ಅವರು ರಬ್ಬರ್ ಮತ್ತು ಅಕ್ಕಿಯ ಕಥೆ ಹೇಳುತ್ತಿದ್ದರು. 1952ರಲ್ಲಿ ಸಿಲೋನಿನಲ್ಲಿ ಅಕ್ಕಿ ಇರಲಿಲ್ಲ, ರಬ್ಬರಿಗೆ ಬೆಲೆ ಇರಲಿಲ್ಲ. ಚೀನಾ ನಾನು ಅಕ್ಕಿ ಕೊಡುತ್ತೇನೆ, ನೀವು ರಬ್ಬರ್ ಕೊಡಿ ಎಂದಿತು. ಒಪ್ಪಂದವಾಯಿತು. ಕೊರಿಯಾದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಕಮ್ಯೂನಿಸ್ಟ್ ದೇಶಕ್ಕೆ ರಬ್ಬರ್ ಮಾರಿದ್ದಕ್ಕೆ ಅಮೆರಿಕ ತನ್ನ ನೆರವಿನಿಂದ ಸಿಲೋನನ್ನು ಹೊರಗಿಟ್ಟಿತು. ಆಗ ಆ ದೇಶ ಆಳುತ್ತಿದ್ದವರು ಕಮ್ಯೂನಿಸ್ಟರೇನೂ ಅಲ್ಲ, ಹೊಟ್ಟೆಪಾಡಿಗೆ ಮಾಡಿದ ವ್ಯಾಪಾರ ಅದು. ಹತ್ತು ವರ್ಷ ಕಳೆದು ಸಿರಿಮಾವೊ ಸರ್ಕಾರ ವಿದೇಶಿ ಎಣ್ಣೆ ಕಂಪನಿಗಳ ಸೊತ್ತು ವಹಿಸಿಕೊಂಡಾಗ 1963ರಲ್ಲಿ ಅಮೆರಿಕ ಮತ್ತೆ ನೆರವು ನಿಲ್ಲಿಸಿತು. ಸಣ್ಣ ದೇಶ ತನ್ನ ಅಕ್ಕಿಯನ್ನು ಎಲ್ಲಿಂದ ತರಬೇಕು, ಎಣ್ಣೆಯನ್ನು ಯಾರು ಮಾರಬೇಕು ಎಂದು ದೊಡ್ಡ ದೇಶ ಹೇಳುವುದು ನನ್ನ ಅಪ್ಪನ ಮನೆಯ ಅಕ್ಕಿಯವರೆಗೆ ಬಂದು ಮುಟ್ಟುತ್ತಿತ್ತು.

ಇದನ್ನೆಲ್ಲ ಹೇಳುವಾಗ ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಆ ದೇಶದಲ್ಲಿ ‘ಹೊರಗಿನ ಕೈ’ ಎಂಬ ಮಾತು ಬಂದಾಗಲೆಲ್ಲ ಬೆರಳು ನಮ್ಮ ಕಡೆ ತಿರುಗಿದೆ. 1948ರ ಫೆಬ್ರವರಿಯಲ್ಲಿ ಸ್ವಾತಂತ್ರ್ಯ ಬಂತು, ಅದೇ ವರ್ಷ ಪೌರತ್ವದ ಕಾಯ್ದೆ ಬಂದು ಲಕ್ಷಾಂತರ ತೋಟದ ಕೂಲಿಗಳು ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಮತವೂ ಹೋಯಿತು. ಕಳ್ಳತೋಣಿ ಎಂದು ಕರೆದರು, ಅಂದರೆ ಕಳ್ಳದೋಣಿಯಲ್ಲಿ ಬಂದವರು. 1971ರ ಏಪ್ರಿಲ್‌ನಲ್ಲಿ ಜೆವಿಪಿ ಎಂಬ ಪಕ್ಷದ ಹುಡುಗರು ಸರ್ಕಾರ ಕಿತ್ತೆಸೆದು ಸಮಾಜವಾದ ತರುತ್ತೇವೆಂದು ಬಂದೂಕು ಹಿಡಿದರು. ಅವರು ತಮ್ಮವರಿಗೆ ಕೊಡುತ್ತಿದ್ದ ಐದು ಪಾಠಗಳಲ್ಲಿ ಒಂದು, ಭಾರತದ ವಿಸ್ತರಣಾವಾದದ ಬಗ್ಗೆ. ಅದರಲ್ಲಿ ತೋಟದ ತಮಿಳರು ಭಾರತದ ಕೈಯಾಳುಗಳು. ಬೆಳಿಗ್ಗೆ ಆರಕ್ಕೆ ಪೆರಟ್ಟಿನಲ್ಲಿ, ಅಂದರೆ ಹಾಜರಿಯ ಸಾಲಿನಲ್ಲಿ, ಹೆಸರು ಕೂಗಿಸಿಕೊಂಡು, ಬುಟ್ಟಿ ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತುವ ನನ್ನ ಅಮ್ಮ ದಿಲ್ಲಿಯ ಕೈಯಾಳು! ಕಾರ್ಮಿಕರ ರಾಜ್ಯ ಕಟ್ಟಲು ಹೊರಟವರಿಗೂ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದ ಕಾರ್ಮಿಕರು ಪರಕೀಯರಾಗಿ ಕಂಡರು.

ಅದಾದ ಸ್ವಲ್ಪ ಕಾಲಕ್ಕೆ ಬಂದ ಎರಡು ವರ್ಷ ನನ್ನ ನೆನಪಿನಲ್ಲಿ ಹಸಿವಿನ ವರ್ಷಗಳು. 1973, 74. ಜಗತ್ತಿನಲ್ಲೆಲ್ಲ ಧಾನ್ಯದ ಬೆಲೆ, ಎಣ್ಣೆಯ ಬೆಲೆ ಏರಿತ್ತು, ಸರ್ಕಾರ ರೇಷನ್ ಕಡಿಮೆ ಮಾಡಿತು. ಹಳ್ಳಿಯವರಿಗೆ ತುಂಡು ಗದ್ದೆಯಾದರೂ ಇತ್ತು, ಲಯದವರಿಗೆ ಕೂಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಅಮ್ಮ ಗೋಧಿ ಹಿಟ್ಟನ್ನು ನೀರಿನಲ್ಲಿ ಕಲಸಿ, ಉಪ್ಪು ಹಾಕಿ, ಅಂಟಿನ ಹಾಗೆ ಕಾಸಿ ಕೊಡುತ್ತಿದ್ದರು. ಮೊದಲು ಅಣ್ಣನಿಗೆ, ಆಮೇಲೆ ನನಗೆ. ಪಾತ್ರೆ ತೊಳೆದ ನೀರು ಅವರಿಗೆ. ತೋಟಗಳಲ್ಲಿ ಜನ ಸತ್ತರು. ನಮ್ಮ ಸಾಲಿನ ಕೊನೆಯ ಕೋಣೆಯ ಅಜ್ಜಿ ಸತ್ತದ್ದು ಜ್ವರದಿಂದ ಎಂದು ಬರೆಸಿದರು.

ಅದೇ ಹೊತ್ತಿಗೆ ಸಮಾಜವಾದಿ ಸರ್ಕಾರ ಭೂಮಿಯನ್ನು ಜನರದ್ದಾಗಿ ಮಾಡುತ್ತಿತ್ತು. 1972ರ ಕಾಯ್ದೆಯಲ್ಲಿ ಖಾಸಗಿ ದೊಡ್ಡ ಹಿಡುವಳಿಗಳು, 1975ರಲ್ಲಿ ಬ್ರಿಟಿಷ್ ಕಂಪನಿಗಳ ಚಹಾ ತೋಟಗಳು ಸರ್ಕಾರದ ಪಾಲಾದವು. ಪರದೇಶದ ಕಂಪನಿ ಹೋಗಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ‘ಜನ’ ಎಂಬ ಪದದೊಳಗೆ ಲಯದವರು ಇರಲಿಲ್ಲ. ಕೆಲವು ತೋಟಗಳಿಂದ ಕೂಲಿಗಳನ್ನು ಓಡಿಸಿದರು. 1977ರ ಮೇ ತಿಂಗಳಲ್ಲಿ ಡೆವನ್ ತೋಟದ ಜಮೀನನ್ನು ಬೇರೆಯವರಿಗೆ ಹಂಚುವುದನ್ನು ವಿರೋಧಿಸಿ ನಿಂತ ಶಿವನು ಲಕ್ಷ್ಮಣನ್ ಎಂಬ ಯುವಕ ಪೊಲೀಸರ ಗುಂಡಿಗೆ ಬಲಿಯಾದ. ಸಿಲೋನಿನಲ್ಲೇ ಉಳಿದಿದ್ದ ನನ್ನ ಚಿತ್ತಪ್ಪ ಆ ವರ್ಷಗಳಲ್ಲಿ ಒಂದು ಕಾಗದ ಬರೆದಿದ್ದರು. ತೋಟದ ಗೇಟಿನ ಬೋರ್ಡು ಬದಲಾಗಿದೆ, ಇಂಗ್ಲಿಷಿನ ಜಾಗದಲ್ಲಿ ಸಿಂಹಳ ಬಂದಿದೆ, ಮಾಡಿನ ತಗಡು ಮೊದಲಿನ ಹಾಗೇ ಸೋರುತ್ತಿದೆ ಎಂದು. ಅದೇ 1977ರಲ್ಲಿ ಜಯವರ್ಧನೆ ಅಧಿಕಾರಕ್ಕೆ ಬಂದು ಮುಕ್ತ ಮಾರುಕಟ್ಟೆ ತಂದರು. 1992ರಿಂದ ತೋಟಗಳು ಮತ್ತೆ ಕಂಪನಿಗಳ ಕೈಗೆ ಹೋದವು. ಚಿತ್ತಪ್ಪ ತೀರಿಕೊಂಡದ್ದು ಅದೇ ಕೋಣೆಯಲ್ಲಿ.

ನಾವು 1974ರಲ್ಲಿ ಹೊರಟೆವು. ಹಟ್ಟನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದವರೂ ಹತ್ತಿಸಲು ಬಂದವರೂ ಒಟ್ಟಿಗೇ ಅಳುತ್ತಿದ್ದರು. ತಲೈಮನ್ನಾರಿನಿಂದ ‘ರಾಮಾನುಜಂ’ ಎಂಬ ಹಡಗು, ರಾಮೇಶ್ವರದಲ್ಲಿ ಇಳಿದದ್ದು, ಮಂಡಪಂ ಶಿಬಿರ. ಅಪ್ಪನ ಅಂಗಿಯ ಒಳಜೇಬಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫ್ಯಾಮಿಲಿ ಕಾರ್ಡ್. ಅದು ಈಗ ನನ್ನ ಟ್ರಂಕಿನಲ್ಲಿದೆ, ಫೋಟೋದಲ್ಲಿ ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೇನೆ. ಶಿಬಿರದಲ್ಲಿ ಯಾರೋ ಒಬ್ಬ ಗುಮಾಸ್ತರು ನಕಾಶೆ ನೋಡದೆ, ನಮ್ಮ ಮುಖವನ್ನೂ ನೋಡದೆ, “ಮೈಸೂರು ಕಡೆ, ರಬ್ಬರ್” ಎಂದು ಬರೆದರು. ಹಾಗೆ ಸುಳ್ಯಕ್ಕೆ ಬಂದೆವು.

ಇಲ್ಲಿ ಅರಣ್ಯ ಇಲಾಖೆ ರಬ್ಬರ್ ಹಾಕಲು ಶುರುಮಾಡಿತ್ತು. ಮುಂದೆ ಆ ತೋಟಗಳನ್ನು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ನೋಡಿಕೊಂಡಿತು. ಮೇದಿನಡ್ಕ, ಐವರ್ನಾಡು, ನಾಗಪಟ್ಟಣ, ಆ ಕಡೆ ಐತೂರು, ಎಲ್ಲ ಕಡೆ ಸಾಲು ಕ್ವಾರ್ಟರ್ಸ್‌ಗಳು ಎದ್ದವು. ಆಗ ಕಡಬ ಪುತ್ತೂರು ತಾಲ್ಲೂಕಿನಲ್ಲೇ ಇತ್ತು. ಚಹಾ ಚಿಗುರು ಕೊಯ್ಯುವ ಬೆರಳಿಗೆ ರಬ್ಬರ್ ಕತ್ತಿ ಬೇಗ ಒಗ್ಗಲಿಲ್ಲ. ತೊಗಟೆಯನ್ನು ಕಾಗದದಷ್ಟು ತೆಳ್ಳಗೆ, ಓರೆಯಾಗಿ ತೆಗೆಯಬೇಕು. ಒಂದು ಕೂದಲೆಳೆ ಆಳಕ್ಕೆ ಹೋದರೆ ಮರಕ್ಕೆ ಗಾಯ, ಆ ಜಾಗ ಗಂಟುಕಟ್ಟಿ ಮುಂದೆ ಹಾಲು ಬರುವುದಿಲ್ಲ. ಮೇಲೆಯೇ ನಿಂತರೆ ಚಿರಟೆಗೆ ನಾಲ್ಕು ತೊಟ್ಟು. ಬಿಸಿಲೇರುವ ಮೊದಲು ಹಾಲು ಹೆಚ್ಚು. ಹಾಗಾಗಿ ಬೆಳಿಗ್ಗೆ ಐದಕ್ಕೆ ತಲೆಗೆ ಲೈಟ್ ಕಟ್ಟಿಕೊಂಡು ಮುನ್ನೂರು ಮರ ಸುತ್ತಬೇಕು. ಮುನ್ನೂರನೆಯ ಮರ ಮುಗಿಸಿ ತಿರುಗಿ ನೋಡಿದರೆ ಮೊದಲನೆಯದರ ಚಿರಟೆ ತುಂಬಿರುತ್ತದೆ. ನನಗೆ ಆ ಹೊತ್ತು ತುಂಬ ಇಷ್ಟವಾಗಿತ್ತು. ಕತ್ತಲಲ್ಲಿ ಬಿಳಿ ಗೆರೆ ಮೆಲ್ಲಗೆ ಇಳಿಯುವುದನ್ನು ನೋಡುತ್ತ ನಿಂತು ಬೈಸಿಕೊಂಡದ್ದೂ ಉಂಟು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಾವು ಬಂದಿಳಿದ 1974 ನಿಮ್ಮ ಮನೆಗಳಲ್ಲಿ ಬೇರೆ ಕಾರಣಕ್ಕೆ ನೆನಪಿರುವ ವರ್ಷ. ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಈ ಜಿಲ್ಲೆಯ ಸಾವಿರಾರು ಗೇಣಿದಾರರು ಡಿಕ್ಲರೇಶನ್ ಕೊಟ್ಟರು, ಟ್ರಿಬ್ಯುನಲ್ ಮುಂದೆ ನಿಂತರು, ಉಳುತ್ತಿದ್ದ ಜಾಗ ಅವರ ಹೆಸರಿಗೆ ಆಯಿತು. ನಾನು ಕೆಲಸಕ್ಕೆ ಹೋಗುತ್ತಿದ್ದ ಮನೆಯ ಅಜ್ಜ ಆ ದಿನದ ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪಹಣಿಯಲ್ಲಿ ಹೆಸರು ನೋಡಿ ಕಚೇರಿಯ ಮೆಟ್ಟಿಲಲ್ಲೇ ಕೂತುಬಿಟ್ಟರಂತೆ. ಸಿಲೋನಿನಲ್ಲಿ ಭೂಮಿ ಸರ್ಕಾರಕ್ಕೆ ಹೋಯಿತು, ದುಡಿದವರಿಗೆ ಬರಲಿಲ್ಲ. ಇಲ್ಲಿ ದುಡಿದವನ ಹೆಸರಿಗೇ ಬಂತು. ಅದಕ್ಕೇ ಇಲ್ಲಿಯ ಬದುಕು ಬದಲಾಯಿತು ಎಂದು ನಾನು ನಂಬಿದ್ದೇನೆ. ಆದರೆ ರಬ್ಬರ್, ಕಾಫಿ, ಚಹಾ, ಏಲಕ್ಕಿ, ಕಾಳುಮೆಣಸಿನ ಪ್ಲಾಂಟೇಶನ್‌ಗಳಿಗೆ ಆ ಕಾಯ್ದೆಯ ಭೂಮಿತಿಯಿಂದ ವಿನಾಯಿತಿ ಇತ್ತು. ನಾವು ದುಡಿಯಲು ಬಂದದ್ದು ಆ ವಿನಾಯಿತಿಯೊಳಗೆ. ಯಾವ ಪ್ಲಾಂಟೇಶನ್ನೇ ಆಗಲಿ, ಕೆಲಸ ಇರುವಷ್ಟು ದಿನ ಮನೆ. ಕೆಲಸದ ವಯಸ್ಸು ಮುಗಿದ ಮೇಲೆ ಹೊಸಬರಿಗೆ ಬಿಟ್ಟುಕೊಡಬೇಕು.

ನೀವು ಕಟ್ಟಿದ ಇನ್ನೊಂದನ್ನೂ ಹೇಳಲೇಬೇಕು. ಅಡಿಕೆ ಧಾರಣೆ ಕುಸಿದು ಎಲ್ಲರೂ ಕಂಗಾಲಾಗಿದ್ದಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೊಕ್ಕೊದ ಕಥೆ. ಬಹುರಾಷ್ಟ್ರೀಯ ಕಂಪನಿಯ ಮಾತು ನಂಬಿ ಅಡಿಕೆ ಮರಗಳ ಎಡೆಯಲ್ಲಿ ಕೊಕ್ಕೊ ಹಾಕಿದಿರಿ. ಜಗತ್ತಿನಲ್ಲಿ ಬೆಲೆ ಬಿದ್ದಾಗ ಖರೀದಿ ನಿಂತಿತು, ಹಣ್ಣು ಕೊಳ್ಳುವವರಿಲ್ಲದೆ ಬುಡದಲ್ಲೇ ಕೊಳೆಯಿತು. ಆ ವಾಸನೆ ನನಗೆ ನೆನಪಿದೆ. 1980ರ ಸುಮಾರಿಗೆ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯೇ ಎದ್ದಿತು, ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಪುತ್ತೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುವ ನನ್ನ ಮಗಳ ಮಗ ಒಮ್ಮೆ ಕೇಳಿದ: “ಅಜ್ಜಿ, ನೀವು ಕಂಪನಿಯನ್ನೂ ನೋಡಿದ್ರಿ, ಸರ್ಕಾರವನ್ನೂ ನೋಡಿದ್ರಿ. ಯಾವುದು ಒಳ್ಳೇದು?” ನಾನು ಅವನಿಗೆ ಕ್ಯಾಂಪ್ಕೊದ ಗೇಟು ತೋರಿಸಿದೆ. ಬೆಳೆದವರೇ ಸದಸ್ಯರು, ಬೆಳೆದವರೇ ಮತ ಹಾಕಿ ನಡೆಸುವವರು. ಕಂಪನಿ ಕೈಬಿಟ್ಟಾಗ ನೀವು ಲಂಡನ್ನಿಗೆ ಅರ್ಜಿ ಬರೆಯಲಿಲ್ಲ, ದಿಲ್ಲಿಯಲ್ಲಿ ಕೂತು ಅಳಲಿಲ್ಲ. ಇದು ನಿಮಗೆ ದಿನನಿತ್ಯದ ಸಂಗತಿ. ಲಯದಿಂದ ಬಂದವಳಿಗೆ ಅದು ದೊಡ್ಡ ಸಂಗತಿ, ಈ ಮಣ್ಣಿನ ಬಗ್ಗೆ ನನಗಿರುವ ಗೌರವದಲ್ಲಿ ಅರ್ಧ ಅದರಿಂದಲೇ ಬಂದದ್ದು. ಹುಡುಗ ಮತ್ತೆ ಕೇಳಿದ, “ಇದರಲ್ಲಿ ನಾವು ಸದಸ್ಯರಾ?” ನಮ್ಮ ಹೆಸರಿಗೆ ತೋಟ ಇಲ್ಲವಲ್ಲ ಮಗಾ, ಎಂದೆ.

ಹೊರಗಿನ ಮಾಲಿನ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. 1998ರ ಡಿಸೆಂಬರ್‌ನಲ್ಲಿ ಭಾರತ, ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ ಆಯಿತು, 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಆ ದಾರಿಯಲ್ಲಿ ಬೇರೆ ದೇಶದ ಮೆಣಸು, ಅಡಿಕೆ ಲಂಕೆಯ ಹೆಸರಿನಲ್ಲಿ ನುಗ್ಗಿದಾಗ ನೀವು ಹೋರಾಡಿದಿರಿ. 2017ರ ಕೊನೆಗೆ ಕಾಳುಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. 2023ರಲ್ಲಿ ಅಡಿಕೆಯದ್ದು 351ಕ್ಕೆ ಏರಿತು. ಆ ಮೆಣಸಿನ ಗಲಾಟೆಯ ದಿನಗಳಲ್ಲಿ ಅಂಗಡಿಯಲ್ಲಿ ಒಬ್ಬರು ನನ್ನನ್ನು ನೋಡಿ, “ನಿಮ್ಮ ಊರಿಂದ ಬರ್ತಾ ಉಂಟಲ್ಲ ಅಕ್ಕ, ನಮ್ಮ ಗತಿ ಏನು?” ಎಂದರು. ನಗುತ್ತಲೇ ಕೇಳಿದ್ದು. ನನ್ನ ಕೈಯಲ್ಲಿದ್ದ ಚೀಲ ಭಾರವಾಯಿತು. ಲಂಕೆಯ ಮಾತಳೆಯಲ್ಲಿ ಇರುವ ನನ್ನ ದೊಡ್ಡಪ್ಪನ ಮಗಳು ಆ ವ್ಯಾಪಾರದಲ್ಲಿ ಒಂದು ಕಾಸು ಕಂಡವಳಲ್ಲ. ಮಾಲು ಬಂದದ್ದು ಬಂದರಿನಿಂದ, ಲಾಭ ಉಳಿದದ್ದು ಬಂದರಿನ ಎರಡೂ ಕಡೆಯ ವ್ಯಾಪಾರಿಗಳಿಗೆ.

2022ರಲ್ಲಿ ಲಂಕೆ ದಿವಾಳಿಯಾದಾಗ ಆ ದೊಡ್ಡಪ್ಪನ ಮಗಳು ಫೋನ್ ಮಾಡುತ್ತಿದ್ದಳು. ಹಂಬಂತೋಟ ಬಂದರನ್ನು 2017ರಲ್ಲೇ 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟಾಗಿತ್ತು. 2021ರಲ್ಲಿ ರಾತ್ರಿ ಬೆಳಗಾಗುವುದರೊಳಗೆ ರಸಗೊಬ್ಬರ ನಿಷೇಧಿಸಿ ಚಹಾ ಇಳುವರಿ ಕೆಡಿಸಿಕೊಂಡಾಗಿತ್ತು. ಭಾರತ ಅಕ್ಕಿ, ಎಣ್ಣೆ, ಸಾಲ ಕೊಟ್ಟಿತು, 2023ರಲ್ಲಿ ಐಎಂಎಫ್ ತನ್ನ ಶರತ್ತಿನೊಂದಿಗೆ ಬಂತು. ಇಲ್ಲಿ ಮೊಬೈಲಿನಲ್ಲಿ ಹುಡುಗರು ಲಂಕೆ ಕೆಟ್ಟದ್ದು ಚೀನಾದಿಂದಲಾ, ಅಮೆರಿಕದಿಂದಲಾ ಎಂದು ವಾದ ಮಾಡುತ್ತಿದ್ದರು. ಅವಳು ಕೇಳಿದ್ದು ಒಂದೇ: “ಅಕ್ಕಾ, ಅಲ್ಲಿ ಹಿಟ್ಟು ಕಿಲೋಗೆ ಎಷ್ಟು?” ನನಗೆ ಪಾತ್ರೆ ತೊಳೆದ ನೀರು ಕುಡಿದ ಅಮ್ಮನ ನೆನಪಾಯಿತು.

ರಬ್ಬರಿನಲ್ಲೂ ಹೊರಗಿನ ಪೆಟ್ಟು ಕೊನೆಗೆ ಕೂಲಿಯವರಿಗೇ ಬಿದ್ದಿದೆ. 2011ರಲ್ಲಿ ಕಿಲೋಗೆ 240 ರೂಪಾಯಿ ದಾಟಿತ್ತು. 2016ರ ಹೊತ್ತಿಗೆ ನೂರಕ್ಕಿಂತ ಕೆಳಗೆ ಬಿತ್ತು. ಕಚ್ಚಾ ಎಣ್ಣೆ ಅಗ್ಗವಾಗಿ ಕೃತಕ ರಬ್ಬರಿನ ಬೆಲೆ ಇಳಿದಿತ್ತು, ಆಸಿಯಾನ್ ದೇಶಗಳ ಜತೆ ಮಾಡಿಕೊಂಡ ಒಪ್ಪಂದದಲ್ಲಿ ನೈಸರ್ಗಿಕ ರಬ್ಬರನ್ನು ಹೊರಗಿಟ್ಟಿದ್ದರೂ ಕಾಂಪೌಂಡ್ ರಬ್ಬರಿಗೆ ದಾರಿ ಇತ್ತು. 2015ರಲ್ಲಿ ಸುಂಕ ಶೇಕಡಾ 25 ಅಥವಾ ಕಿಲೋಗೆ 30 ರೂಪಾಯಿ, ಯಾವುದು ಕಡಿಮೆಯೋ ಅದು ಎಂದಾಯಿತು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮಗೆ ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಮನವಿಯಲ್ಲಿ ಬರೆಯದ್ದು ಒಂದಿದೆ. ಬೆಲೆ ಬಿದ್ದಾಗ ನೀವು ಟ್ಯಾಪಿಂಗ್ ನಿಲ್ಲಿಸಿದಿರಿ. ಮರ ವಿಶ್ರಾಂತಿ ಪಡೆಯಿತು, ಹಾಲು ಮರದೊಳಗೇ ಇತ್ತು, ತೋಟ ನಿಮ್ಮ ಹೆಸರಿನಲ್ಲೇ ಇತ್ತು. ನಮ್ಮ ಕೂಲಿ ಮಾತ್ರ ಆ ದಿನವೇ ನಿಂತಿತು. ನಮ್ಮ ಹುಡುಗರು ಬೆಂಗಳೂರಿಗೆ, ತಿರುಪ್ಪೂರಿಗೆ, ಗಲ್ಫಿಗೆ ಹೋದರು. 2024ರ ಆಗಸ್ಟಿನಲ್ಲಿ ದರ ಮತ್ತೆ 240 ದಾಟಿದಾಗ ನೀವು ಕರೆ ಮಾಡಿದಿರಿ. ಅವರು ಬರಲಿಲ್ಲ. ಟ್ಯಾಪರ್‌ಗಳ ಅಭಾವ ಎಂದು ನೀವು ಬರೆದದ್ದು ಇದನ್ನೇ.

ಕೇರಳ ಸರ್ಕಾರ 2015ರಲ್ಲಿ ಸಣ್ಣ ಬೆಳೆಗಾರರಿಗೆ ಕಿಲೋಗೆ 150 ರೂಪಾಯಿಯ ಖಾತ್ರಿ ಕೊಟ್ಟಿತು, ಅದು ಇಲ್ಲಿಯೂ ಬರಲಿ ಎಂದು ನೀವು ಕೇಳುತ್ತಿದ್ದೀರಿ. ಖಂಡಿತ ಬರಲಿ. ಬ್ಯಾಂಕಾಕಿನಲ್ಲೋ ಸಿಂಗಪುರದಲ್ಲೋ ಕೂತವರು ಸುಳ್ಯದ ಗುಡ್ಡೆಯ ದರ ನಿರ್ಧರಿಸುವುದು ಅನ್ಯಾಯ. ಆದರೆ ಸುಳ್ಯದ ಸಭೆಯಲ್ಲಿ ಕೂತವರು ಪಕ್ಕದ ಕಾಲೊನಿಯವರನ್ನು ಕೇಳದೆ ಅವರ ಬದುಕನ್ನು ನಿರ್ಧರಿಸುವಾಗ ನನಗೆ ಆ 9,75,000ದ ಲೆಕ್ಕ ನೆನಪಾಗುತ್ತದೆ. ಹೀಗೆ ಬರೆಯಲು ನನಗೆ ಕಷ್ಟವಾಗುತ್ತಿದೆ, ನಿಮ್ಮ ಮನೆಗಳಲ್ಲಿ ಊಟ ಮಾಡಿದವಳು ನಾನು. ಆದರೂ ಬರೆಯದೆ ಇದ್ದರೆ ನನ್ನ ಅಪ್ಪನಿಗೆ ದ್ರೋಹ ಮಾಡಿದ ಹಾಗೆ.

ನಿಮ್ಮ ಮೇಲೆ ಭರವಸೆ ಇಟ್ಟು ಬರೆಯುತ್ತಿರುವುದಕ್ಕೆ ಕಾರಣವಿದೆ. 1991ರ ಮೇ 21ರಂದು ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ, ಸಿಲೋನಿನಿಂದ ಬಂದ ತಮಿಳರೆಂದು ಅನುಮಾನಪಟ್ಟು ಕೆಲವರು ನಮ್ಮ ಕಾಲೊನಿಗೆ ಬಂದು ಟ್ರಂಕುಗಳನ್ನು ತೆರೆಸಿದರು. ನಮ್ಮ ಫ್ಯಾಮಿಲಿ ಕಾರ್ಡನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಜಾಫ್ನಾದವರಿಗೂ ನಮಗೂ ಇರುವ ವ್ಯತ್ಯಾಸವನ್ನು ಅಪ್ಪ ಹರುಕು ಕನ್ನಡದಲ್ಲಿ ಹೇಳುತ್ತಲೇ ಇದ್ದರು, ಕೇಳುವವರಿರಲಿಲ್ಲ. ಅಷ್ಟರಲ್ಲಿ ಪಕ್ಕದ ತೋಟದ ಭಟ್ಟರು ಹೆಗಲ ಮೇಲೆ ಬೈರಾಸು ಹಾಕಿಕೊಂಡು, ತೋಡು ದಾಟಿ, ಒದ್ದೆ ಕಾಲಲ್ಲೇ ಬಂದು ಅಪ್ಪನ ಪಕ್ಕ ನಿಂತರು. “ಇವರನ್ನು ಹದಿನೇಳು ವರ್ಷದಿಂದ ನೋಡಿದ್ದೇನೆ, ಇವರು ನಮ್ಮ ಊರಿನವರು” ಎಂದರು. ಟ್ರಂಕುಗಳು ಮುಚ್ಚಿದವು. ಅಪ್ಪ ಸಾಯುವವರೆಗೆ ಆ ಮಾತನ್ನು ಹೇಳುತ್ತಿದ್ದರು, ಕೊನೆಯ ಎರಡು ಪದಗಳನ್ನು ಕನ್ನಡದಲ್ಲೇ.

ಊರಿನವರಾದ ಮೇಲೂ ನಮ್ಮ ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಅಲೆದಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ದಲಿತರು. ನನಗೆ ಈಗ ಮೂರು ಸೆಂಟ್ಸ್ ಜಾಗ ಇದೆ, ಮಗಳ ಉಳಿತಾಯದಿಂದ ಕೊಂಡದ್ದು. ಅಣ್ಣನಿಗೆ ಅದೂ ಇಲ್ಲ. ಅರುವತ್ತೈದು ದಾಟಿದ ಮೇಲೂ ಬಾಡಿಗೆ ಕೋಣೆ ಹುಡುಕುತ್ತಿದ್ದಾನೆ.

ಮನವಿಗೆ ಸೇರಿಸಲು ಒಂದು ಪ್ಯಾರಾ ಬರೆದಿದ್ದೇನೆ. ಮೊಮ್ಮಗ ತಿದ್ದಿಕೊಟ್ಟಿದ್ದಾನೆ:

“ರಬ್ಬರ್ ಬೆಲೆಯನ್ನು ಕಾಯಲು ಸರ್ಕಾರ ಕೊಡುವ ಯಾವುದೇ ನೆರವಿನಲ್ಲಿ ಟ್ಯಾಪಿಂಗ್ ಮಾಡುವವರ ಪಾಲನ್ನೂ ನಿಗದಿಪಡಿಸಬೇಕು. ಬೆಲೆ ಕುಸಿತದಿಂದಲೋ ಮಳೆಯಿಂದಲೋ ಟ್ಯಾಪಿಂಗ್ ನಿಂತ ದಿನಗಳಿಗೆ ಅವರಿಗೆ ಅರ್ಧ ಕೂಲಿಯಾದರೂ ಸಿಗುವ ವ್ಯವಸ್ಥೆ ಆಗಬೇಕು. ಈ ಮೂರು ತಾಲ್ಲೂಕುಗಳ ತೋಟಗಳಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ದುಡಿದ, ಸ್ವಂತ ಮನೆಯಿಲ್ಲದ ಕುಟುಂಬಗಳಿಗೆ ಅದೇ ಗ್ರಾಮದಲ್ಲಿ ಹಕ್ಕುಪತ್ರದೊಂದಿಗೆ ನಿವೇಶನ ಕೊಡಬೇಕು. ಬೆಳೆಗಾರರ ಸಹಕಾರ ಸಂಘಗಳಲ್ಲಿ ಟ್ಯಾಪರ್‌ಗಳಿಗೂ ಸದಸ್ಯತ್ವ ಸಿಗುವಂತೆ ನಿಯಮ ತಿದ್ದಬೇಕು.”

ಟ್ಯಾಪರ್‌ಗಳ ಅಭಾವ ಎಂಬ ಸಾಲನ್ನು ತೆಗೆಯಬೇಡಿ, ಅದು ನಿಜ. ಅದರ ಕೆಳಗೇ ಇದನ್ನು ಹಾಕಿ. ಮಾತುಗಳನ್ನು ಬದಲಿಸುವುದಿದ್ದರೆ ಬದಲಿಸಿ, ನಿಮ್ಮಲ್ಲಿ ಕಾನೂನು ಬಲ್ಲವರಿದ್ದಾರೆ. ಮನವಿ ಕೊಡಲು ಹೋಗುವಾಗ ನಮ್ಮಲ್ಲಿ ಇಬ್ಬರನ್ನು ಜತೆಗೆ ಕರೆದುಕೊಂಡು ಹೋಗಿ. ಸಹಿಗೆ ಪತ್ರವನ್ನು ಕಾಲೊನಿಗಳಿಗೂ ಕಳಿಸಿಕೊಡಿ. ಹನ್ನೊಂದು ಗಂಟೆಯ ಮೇಲೆ ಬಂದರೆ ಎಲ್ಲರೂ ಸಿಗುತ್ತಾರೆ. ಅದಕ್ಕಿಂತ ಮೊದಲು ನಿಮ್ಮ ತೋಟದಲ್ಲೇ ಇರುತ್ತಾರೆ.

ಇಂತಿ ನಿಮ್ಮ ಊರಿನವಳು,
ಒಬ್ಬ ನಿವೃತ್ತ ಟ್ಯಾಪರ್
ಸುಳ್ಯ ತಾಲ್ಲೂಕು